ಗಟ್ಟಿ ಗುಂಡಿಗೆಯ ಕಾನು

ಧೈರ್ಯಶಾಲಿಯನ್ನು ‘ಗಟ್ಟಿ ಗುಂಡಿಗೆಯವನು’ ಎಂದು ಕೊಂಡಾಡುವುದು ಕನ್ನಡದ ಮಾತಿನ ರೂಢಿ. ಮಾತಿನ ಅಲಂಕಾರಗಳನ್ನು ಯಾವ ವೈದ್ಯನೂ ನಾಡಿ ಹಿಡಿದು ಪರೀಕ್ಷಿಸುವುದಿಲ್ಲವಾದ್ದರಿಂದ, ಈ ಬಿರುದಿಗೆ ಯಾರು ಅರ್ಹರು, ಯಾರು ಅನರ್ಹರು ಎಂಬ ಚರ್ಚೆ ಸಾಮಾನ್ಯವಾಗಿ ಏಳುವುದಿಲ್ಲ. ಆದರೆ ಒಬ್ಬ ಕಾಲ್ಚೆಂಡಾಟಗಾರನ ಬಾಳಿನಲ್ಲಿ ಅಂಥ ಪರೀಕ್ಷೆ ನಿಜವಾಗಿಯೇ ನಡೆದುಹೋಯಿತು. 1996ರ ಆಗಸ್ಟ್ ತಿಂಗಳಲ್ಲಿ ಆತ ಒಲಿಂಪಿಕ್ ಸ್ವರ್ಣಪದಕವನ್ನು ಕೊರಳಲ್ಲಿ ಧರಿಸಿ ನಿಂತಿದ್ದ. ಜಗದ್ವಿಖ್ಯಾತವಾದ ಬ್ರೆಜಿಲ್ ತಂಡಕ್ಕೆ ಕೊನೆಯ ಗಳಿಗೆಯಲ್ಲಿ ಮಣ್ಣು ಮುಕ್ಕಿಸಿದ ಅವನ ಎದೆಗಾರಿಕೆಯನ್ನು ಎಲ್ಲರೂ ಹೊಗಳುತ್ತಿದ್ದರು. ಅದಾದ ಸ್ವಲ್ಪ ಕಾಲದಲ್ಲಿಯೇ ಇಟಲಿಯ ವೈದ್ಯರು ಅದೇ ಎದೆಯನ್ನು ತಮ್ಮ ಯಂತ್ರಗಳಿಂದ ಪರೀಕ್ಷಿಸಿ, ಈ ಗುಂಡಿಗೆ ಗಟ್ಟಿಯಲ್ಲ, ಇದರ ಕದವೊಂದರಲ್ಲಿ ದೋಷವಿದೆ ಎಂದು ತಿಳಿಸಿದರು. ಆಗ ಅವನಿಗೆ ತುಂಬಿದ್ದುದು ಇಪ್ಪತ್ತೇ ವರ್ಷ.

ನ್ವಾಂಕ್ವೊ ಕಾನು ಎಂಬ ಆ ನೈಜೀರಿಯದ ತರುಣ ಮತ್ತೆ ಎದ್ದು ಆಡಿದ. ಒಂದೆರಡು ಪಂದ್ಯಗಳನ್ನಲ್ಲ, ಇನ್ನೂ ಹದಿನೈದು ವರ್ಷಗಳ ಕಾಲ ಪರದೇಶದ ಅಂಗಣಗಳಲ್ಲಿ ಆಡಿದ. ಅವನು ಗೆದ್ದ ಪಾರಿತೋಷಕಗಳ ಪಟ್ಟಿ ದೊಡ್ಡದು. ಆದರೆ ಅವನ ಕಥೆಯಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆ ಪಟ್ಟಿಯಲ್ಲ. ತನಗೆ ದೊರೆತ ಎರಡನೆಯ ಬದುಕನ್ನು ಆತ ಯಾವ ಲೆಕ್ಕದಲ್ಲಿ ಖರ್ಚುಮಾಡಿದ ಎಂಬುದು.

ಸಂತೆಯ ದಿನದ ಮಗು

ನೈಜೀರಿಯದ ಆಗ್ನೇಯ ಭಾಗದಲ್ಲಿ ಇಗ್ಬೊ ಜನರ ನಾಡು. ಇವರ ಸಾಂಪ್ರದಾಯಿಕ ವಾರಕ್ಕೆ ನಾಲ್ಕೇ ದಿನ: ಎಕೆ, ಓರಿಯೆ, ಆಫೊ, ನ್ಕ್ವೊ. ಒಂದೊಂದು ದಿನವೂ ಒಂದೊಂದು ಸಂತೆಗೆ ಮೀಸಲು. ಮಗು ಹುಟ್ಟಿದ ವಾರವನ್ನೇ ಅದಕ್ಕೆ ಹೆಸರಾಗಿ ಇಡುವ ಪದ್ಧತಿ ಅಲ್ಲಿ ಹಳೆಯದು. ‘ನ್ವಾ’ ಎಂದರೆ ಮಗು. ‘ನ್ವಾಂಕ್ವೊ’ ಎಂದರೆ ನ್ಕ್ವೊ ಸಂತೆಯ ದಿನ ಹುಟ್ಟಿದ ಮಗು.

ಕಾನು ಹುಟ್ಟಿದ್ದು 1976ರ ಆಗಸ್ಟ್ 1ರಂದು, ಓವೆರಿ ಎಂಬ ಪಟ್ಟಣದಲ್ಲಿ. ಅವನು ಹುಟ್ಟುವುದಕ್ಕೆ ಆರು ವರ್ಷ ಮೊದಲಷ್ಟೇ ಬಿಯಾಫ್ರದ ಘೋರ ಅಂತರ್ಯುದ್ಧ ಮುಗಿದಿತ್ತು. ಸ್ವತಂತ್ರ ರಾಷ್ಟ್ರವಾಗಬೇಕೆಂದು ಇಗ್ಬೊ ಜನ ಸಾರಿದ ಆ ಹೋರಾಟದಲ್ಲಿ ಓವೆರಿ ಕೊನೆಯ ದಿನಗಳ ರಾಜಧಾನಿಯಾಗಿ ಬಹಳ ನೊಂದಿತ್ತು. ಯುದ್ಧಾನಂತರ ಬೆಳೆದ ಪೀಳಿಗೆಗೆ ಕಾಲ್ಚೆಂಡಾಟವೆಂಬುದು ಬಡವರ ಮನೆಯ ಹುಡುಗರೂ ಕೈಹಾಕಬಹುದಾದ ಭಾಗ್ಯವಾಗಿತ್ತು. ಆಡುವುದಕ್ಕೆ ಬೇಕಾದುದು ಒಂದು ಬಯಲು, ಒಂದು ಚೆಂಡು.

ಹುಡುಗ ತೆಂಗಿನ ಮರದಂತೆ ಬೆಳೆದ. ಪೂರ್ಣವಾಗಿ ಬೆಳೆದಾಗ ಅವನ ಎತ್ತರ ಸುಮಾರು ಆರೂವರೆ ಅಡಿ. ಅಷ್ಟು ಎತ್ತರದವರಲ್ಲಿ ಕಾಲಿನ ಚುರುಕು ಕಡಿಮೆಯೆಂಬುದು ಆಟ ಬಲ್ಲವರ ಸಾಮಾನ್ಯ ತಿಳಿವಳಿಕೆ. ಅವರನ್ನು ತಲೆಯಿಂದ ಚೆಂಡು ಹೊಡೆಯುವುದಕ್ಕೆ ಬಳಸಿಕೊಳ್ಳುವುದೇ ರೂಢಿ. ಕಾನು ಇದಕ್ಕೆ ತದ್ವಿರುದ್ಧ. ಅವನ ಉದ್ದನೆಯ ಕಾಲುಗಳ ತುದಿಯಲ್ಲಿ ಚೆಂಡು ಸಾಕಿದ ನಾಯಿಯಂತೆ ಹೇಳಿದ ಮಾತು ಕೇಳುತ್ತಿತ್ತು. ಓಟದಲ್ಲಿ ಅವನು ಅತಿವೇಗಿಯಲ್ಲ. ಓಡಬೇಕಾದ ಎದುರಾಳಿಯನ್ನು ನಿಂತಲ್ಲಿಯೇ ದಿಕ್ಕುತಪ್ಪಿಸುವುದು ಅವನ ವಿದ್ಯೆ.

ಫೆಡರೇಷನ್ ವರ್ಕ್ಸ್ ಎಂಬ ತಂಡದಲ್ಲಿ ಮೊದಲ ಹೆಜ್ಜೆಯಿಟ್ಟು, ಆ ಮೇಲೆ ಊರಿನ ಹೆಸರಾಂತ ತಂಡವಾದ ಇವುವಾನ್ಯಾನ್ವು ನ್ಯಾಷನಲ್‌ಗೆ ಬಂದ. 1993ರಲ್ಲಿ ಜಪಾನಿನಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಫೈನಲ್ ಪಂದ್ಯದಲ್ಲಿ ನೈಜೀರಿಯದ ಹುಡುಗರು ಘಾನಾ ದೇಶದವರನ್ನು 2-1ರಿಂದ ಸೋಲಿಸಿದರು. ಆ ಪಂದ್ಯಾವಳಿಯಲ್ಲಿ ಕಾನು ಹೊಡೆದದ್ದು ಐದು ಗೋಲು. ಯೂರೋಪಿನ ತಂಡಗಳ ಕಣ್ಣು ಅವನ ಮೇಲೆ ಬೀಳುವುದಕ್ಕೆ ಅಷ್ಟು ಸಾಕಾಯಿತು. ಅದೇ ವರ್ಷ ಆತ ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರಕ್ಕೆ, ಅಯಾಕ್ಸ್ ತಂಡಕ್ಕೆ ಹೊರಟ.

ಹಾಲೆಂಡಿನ ಗುರುಕುಲ

ಅಯಾಕ್ಸ್ ತಂಡವನ್ನು ಒಂದು ಗುರುಕುಲವೆಂದರೆ ತಪ್ಪಾಗಲಾರದು. ಎಳೆಯರನ್ನು ತಂದು, ತಿದ್ದಿ ತೀಡಿ, ಲೋಕಕ್ಕೆ ಒಪ್ಪಿಸುವುದು ಅದರ ಪರಂಪರೆ. ಆಗ ಅಲ್ಲಿ ಲೂಯಿ ವಾನ್ ಗಾಲ್ ಶಿಕ್ಷಕ. ಶಿಸ್ತಿನಲ್ಲಿ ಬಹು ಕಟ್ಟುನಿಟ್ಟಿನ ಮನುಷ್ಯ. ಕ್ಲೈವರ್ಟ್, ಸೀಡಾರ್ಫ್, ಡೇವಿಡ್ಸ್, ಓವರ್‌ಮಾರ್ಸ್ ಮೊದಲಾದ ತರುಣರು ಅವನ ಕೈಕೆಳಗೆ ಪಳಗುತ್ತಿದ್ದರು. ಫಿನಿಡಿ ಜಾರ್ಜ್ ಎಂಬ ಇನ್ನೊಬ್ಬ ನೈಜೀರಿಯದವನೂ ಅದೇ ತಂಡದಲ್ಲಿದ್ದ. ಭಾಷೆ ಬಾರದ, ಚಳಿ ತಡೆಯದ ಹದಿಹರೆಯದ ಹುಡುಗನಿಗೆ ಸ್ವದೇಶದವನೊಬ್ಬ ಜೊತೆಗಿರುವುದು ಎಷ್ಟು ದೊಡ್ಡ ಆಸರೆ ಎಂಬುದನ್ನು, ಮನೆ ಬಿಟ್ಟು ದೂರದೂರುಗಳಲ್ಲಿ ಓದಿದವರು ಬಲ್ಲರು.

1994-95ರ ಸಾಲಿನಲ್ಲಿ ಅಯಾಕ್ಸ್ ತಂಡ ಹಾಲೆಂಡಿನ ಲೀಗಿನಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. ಯೂರೋಪಿನ ಚಾಂಪಿಯನ್ಸ್ ಲೀಗಿನಲ್ಲಿಯೂ ಸೋಲಿಲ್ಲದೆ ಫೈನಲ್ ತಲುಪಿತು. 1995ರ ಮೇ 24ರಂದು ವಿಯೆನ್ನ ನಗರದಲ್ಲಿ ನಡೆದ ಆ ಪಂದ್ಯದಲ್ಲಿ ಎದುರಾಳಿ ಇಟಲಿಯ ಬಲಾಢ್ಯ ಮಿಲಾನ್ ತಂಡ. ದ್ವಿತೀಯಾರ್ಧದಲ್ಲಿ ಸೀಡಾರ್ಫನ ಬದಲಿಗೆ ಹದಿನೆಂಟು ವರ್ಷದ ಕಾನುವನ್ನು ಕಣಕ್ಕಿಳಿಸಲಾಯಿತು. ಪಂದ್ಯ ಮುಗಿಯುವುದಕ್ಕೆ ಐದು ನಿಮಿಷವಿರುವಾಗ ಕ್ಲೈವರ್ಟ್ ಹೊಡೆದ ಒಂದೇ ಗೋಲಿನಿಂದ ಅಯಾಕ್ಸ್ ಯೂರೋಪಿನ ಕಿರೀಟ ಧರಿಸಿತು. ಅದೇ ವರ್ಷದ ಕೊನೆಯಲ್ಲಿ ಟೋಕಿಯೋದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ನರಾದ ಗ್ರೇಮಿಯೊ ತಂಡವನ್ನೂ ಮಣಿಸಿತು.

ಹೀಗೆ ಮೂರು ವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಕಳೆದು, 1996ರಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡ ಸೇರುವುದೆಂದು ನಿಶ್ಚಯವಾಯಿತು. ಅದಕ್ಕೆ ಮುಂಚೆ ಮಾತೃಭೂಮಿಯ ಪರವಾಗಿ ಒಂದು ಕೆಲಸ ಬಾಕಿಯಿತ್ತು. ಅಮೆರಿಕದ ಅಟ್ಲಾಂಟದಲ್ಲಿ ಒಲಿಂಪಿಕ್ ಕ್ರೀಡೆಗಳು ಸೇರಿದ್ದವು. ನೈಜೀರಿಯ ತಂಡಕ್ಕೆ ಕಾನುವೇ ನಾಯಕ.

ಹುಟ್ಟುಹಬ್ಬದ ಮುನ್ನಾದಿನ

ನೈಜೀರಿಯಕ್ಕೆ ಅದು ಒಳ್ಳೆಯ ಕಾಲವಲ್ಲ. ಜನರಲ್ ಸಾನಿ ಅಬಾಚನ ಸೈನಿಕಾಡಳಿತ ದೇಶವನ್ನು ಹಿಡಿದಿಟ್ಟಿತ್ತು. 1995ರ ನವೆಂಬರಿನಲ್ಲಿ ಸಾಹಿತಿ ಕೆನ್ ಸಾರೊ-ವಿವಾ ಮತ್ತು ಅವನ ಎಂಟು ಮಂದಿ ಸಂಗಡಿಗರನ್ನು ಗಲ್ಲಿಗೇರಿಸಿದಾಗ ಲೋಕವೆಲ್ಲ ಛೀಮಾರಿ ಹಾಕಿತ್ತು. ದಕ್ಷಿಣ ಆಫ್ರಿಕದ ಅಧ್ಯಕ್ಷ ನೆಲ್ಸನ್ ಮಂಡೇಲರು ಬಹಿರಂಗವಾಗಿ ಖಂಡಿಸಿದರು. ಅದರ ಬೆನ್ನಲ್ಲಿಯೇ, ಆ ದೇಶದಲ್ಲಿ ನಡೆಯಲಿದ್ದ 1996ರ ಆಫ್ರಿಕಾ ಕಪ್ ಪಂದ್ಯಾವಳಿಯಿಂದ ನೈಜೀರಿಯ ಹಿಂದೆ ಸರಿಯಿತು. ಅದಕ್ಕೆ ಶಿಕ್ಷೆಯಾಗಿ 1998ರ ಕಪ್‌ನಿಂದಲೂ ಹೊರಗುಳಿಯಬೇಕಾಯಿತು. ಆಳುವವರ ಜಗಳದಲ್ಲಿ ಆಡುವವರ ಯೌವನದ ಎರಡು ಅವಕಾಶಗಳು ಹೀಗೆ ಮಣ್ಣುಪಾಲಾದವು. ಮುಂದೆ ಎಷ್ಟೋ ಸಲ ಪ್ರಯತ್ನಿಸಿದರೂ ಆಫ್ರಿಕಾ ಕಪ್ ಕಾನುವಿನ ಕೈಗೆ ಸಿಗಲೇ ಇಲ್ಲ.

ಒಲಿಂಪಿಕ್ ಸೆಮಿಫೈನಲ್ ನಡೆದದ್ದು 1996ರ ಜುಲೈ 31ರಂದು, ಜಾರ್ಜಿಯ ಸಂಸ್ಥಾನದ ಅಥೆನ್ಸ್ ಪಟ್ಟಣದಲ್ಲಿ. ಮರುದಿನ ಕಾನುವಿಗೆ ಇಪ್ಪತ್ತು ತುಂಬುವುದಿತ್ತು. ಎದುರಾಳಿ ಬ್ರೆಜಿಲ್. ರೊನಾಲ್ಡೊ, ರಿವಾಲ್ಡೊ, ಬೆಬೆಟೊ, ರೊಬೆರ್ಟೊ ಕಾರ್ಲೋಸ್ ಮೊದಲಾದ ಘಟಾನುಘಟಿಗಳ ತಂಡ. ಮೊದಲ ಸುತ್ತಿನಲ್ಲಿ ಇದೇ ತಂಡ ನೈಜೀರಿಯವನ್ನು ಒಂದು ಗೋಲಿನಿಂದ ಸೋಲಿಸಿತ್ತು. ಈ ಸಲ ಅರ್ಧ ಸಮಯದ ಹೊತ್ತಿಗೆ 3-1ರ ಮುನ್ನಡೆ. ದ್ವಿತೀಯಾರ್ಧದಲ್ಲಿ ದೊರೆತ ಪೆನಾಲ್ಟಿಯನ್ನೂ ನೈಜೀರಿಯದ ಒಕೋಚ ವ್ಯರ್ಥಮಾಡಿದ. ಇನ್ನು ಮುಗಿಯಿತೆಂದು ನೋಡುವವರು ಎದ್ದು ಹೊರಡುವಂಥ ಸ್ಥಿತಿ.

78ನೆಯ ನಿಮಿಷದಲ್ಲಿ ವಿಕ್ಟರ್ ಇಕ್ಪೆಬ ಒಂದು ಗೋಲು ಹೊಡೆದ. ಅಂತರ ಒಂದಕ್ಕಿಳಿಯಿತು. 90ನೆಯ ನಿಮಿಷ. ಗೋಲಿನ ಬಾಯಲ್ಲಿ ಕಾಲುಗಳ ಕಾಡು. ಆ ಗೊಂದಲದ ನಡುವೆ ಚೆಂಡು ಕಾನುವಿನ ಬಳಿ ಬಂತು. ಇನ್ನೊಬ್ಬನಾಗಿದ್ದರೆ ಗಾಬರಿಯಿಂದ ಒದ್ದುಬಿಡುತ್ತಿದ್ದ. ಕಾನು ಕಾಲ್ಬೆರಳಿನ ತುದಿಯಿಂದ ಚೆಂಡನ್ನು ತುಸು ಮೇಲಕ್ಕೆತ್ತಿ, ಸರ್ರನೆ ತಿರುಗಿ, ಬಲೆಯೊಳಕ್ಕೆ ಸೇರಿಸಿದ. 3-3. ಆಗಿನ ನಿಯಮದಂತೆ, ಹೆಚ್ಚುವರಿ ವೇಳೆಯಲ್ಲಿ ಮೊದಲು ಗೋಲು ಹೊಡೆದವರು ಆ ಕ್ಷಣವೇ ಗೆದ್ದಂತೆ. ಅದಕ್ಕೆ ‘ಗೋಲ್ಡನ್ ಗೋಲ್’ ಎಂದು ಹೆಸರು. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಆ ಚಿನ್ನದ ಗೋಲನ್ನೂ ಕಾನುವೇ ಹೊಡೆದ.

ಆಗಸ್ಟ್ 3ರಂದು ಫೈನಲ್ಲಿನಲ್ಲಿ ಅರ್ಜೆಂಟೀನವನ್ನು 3-2ರಿಂದ ಸೋಲಿಸಿ ನೈಜೀರಿಯ ಸ್ವರ್ಣಪದಕ ಪಡೆಯಿತು. ಆಫ್ರಿಕ ಖಂಡದ ದೇಶವೊಂದಕ್ಕೆ ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಅದೇ ಮೊದಲ ಸ್ವರ್ಣ. ಭಯದಲ್ಲಿ ಬದುಕುತ್ತಿದ್ದ ಜನ ಲಾಗೋಸ್ ನಗರದ ಬೀದಿಗಳಲ್ಲಿ ಕುಣಿದರು. ಆ ವರ್ಷ ಕಾನುವನ್ನು ಆಫ್ರಿಕದ ಅತ್ಯುತ್ತಮ ಆಟಗಾರನೆಂದು ಆರಿಸಲಾಯಿತು.

ಸೋರುವ ಕದ

ಇಟಲಿಯಲ್ಲಿ ಒಂದು ಕಾನೂನು ಉಂಟು. ಸ್ಪರ್ಧೆಗಳಲ್ಲಿ ಭಾಗವಹಿಸುವ ಪ್ರತಿಯೊಬ್ಬ ಆಟಗಾರನೂ ಮೊದಲು ವೈದ್ಯಪರೀಕ್ಷೆಗೆ, ಅದರಲ್ಲಿಯೂ ಹೃದಯದ ಪರೀಕ್ಷೆಗೆ, ಒಳಗಾಗಲೇಬೇಕು. 1982ರಿಂದ ಇದು ಕಡ್ಡಾಯ. ಇಂಟರ್ ತಂಡಕ್ಕೆ ಬಂದ ಕಾನುವಿಗೂ ಈ ಪರೀಕ್ಷೆ ನಡೆಯಿತು. ಯೂರೋಪಿನ ಚಾಂಪಿಯನ್, ಒಲಿಂಪಿಕ್ ನಾಯಕ. ಅವನ ಆರೋಗ್ಯದ ಬಗ್ಗೆ ಸಂದೇಹ ಪಡಲು ಯಾರಿಗೂ ಕಾರಣವಿರಲಿಲ್ಲ. ಪರೀಕ್ಷೆಯಲ್ಲಿ ಹೊರಬಿದ್ದದ್ದು ಮಹಾಧಮನಿಯ ಕವಾಟದ ದೋಷ.

ಇದೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಗುಂಡಿಗೆಯ ಎಡಭಾಗದ ಕೆಳಗಿನ ಕೋಣೆ ದೇಹಕ್ಕೆಲ್ಲ ರಕ್ತವನ್ನು ನೂಕುವ ಪಂಪು. ಅಲ್ಲಿಂದ ಹೊರಟ ರಕ್ತ ಮಹಾಧಮನಿ ಎಂಬ ಹೆದ್ದಾರಿಗೆ ಸೇರುವ ಬಾಗಿಲಿನಲ್ಲಿ ಒಂದು ಕವಾಟವಿದೆ. ರಕ್ತ ಹೊರಗೆ ಹೋಗುವಾಗ ಅದು ತೆರೆದುಕೊಳ್ಳಬೇಕು. ಹೋದ ಮೇಲೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಮುಚ್ಚದೆ ಸೋರಿದರೆ ಹೊರಗೆ ಹೋದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೆ ಬರುತ್ತದೆ. ಆಗ ಗುಂಡಿಗೆ ಒಂದೇ ಕೆಲಸವನ್ನು ಎರಡೆರಡು ಸಲ ಮಾಡಬೇಕಾಗುತ್ತದೆ. ಮಾಡಿ ಮಾಡಿ ಹಿಗ್ಗುತ್ತದೆ, ಕೊನೆಗೆ ದಣಿಯುತ್ತದೆ. ಸುಮ್ಮನೆ ಕುಳಿತ ಮನುಷ್ಯನ ಗುಂಡಿಗೆ ನಿಮಿಷಕ್ಕೆ ಸುಮಾರು ಐದು ಲೀಟರು ರಕ್ತವನ್ನು ಹರಿಸಿದರೆ, ಓಡುವ ಆಟಗಾರನ ಗುಂಡಿಗೆ ಅದರ ನಾಲ್ಕರಷ್ಟನ್ನೊ ಇನ್ನೂ ಹೆಚ್ಚನ್ನೊ ಹರಿಸಬೇಕು. ದೋಷವಿರುವ ಕದದೊಡನೆ ಈ ದುಡಿತ ಎಷ್ಟು ಅಪಾಯಕರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಷ್ಟಿದ್ದೂ ಹೊರಗೆ ಲಕ್ಷಣವೇ ಕಾಣದಿರಬಹುದು. ಬ್ರೆಜಿಲಿನ ವಿರುದ್ಧ ಆ ಎರಡು ಗೋಲುಗಳನ್ನು ಕಾನು ಹೊಡೆದದ್ದು ಇದೇ ಗುಂಡಿಗೆಯನ್ನು ಹೊತ್ತು.

ನೈಜೀರಿಯದ ಜನಕ್ಕೆ ಈ ಸುದ್ದಿ ಹಳೆಯ ಗಾಯವೊಂದನ್ನು ನೆನಪಿಸುವಂಥದು. 1989ರ ಆಗಸ್ಟ್ 12ರಂದು ಲಾಗೋಸಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಅಂಗೋಲದ ವಿರುದ್ಧ ವಿಶ್ವಕಪ್ಪಿನ ಅರ್ಹತಾ ಪಂದ್ಯ ನಡೆಯುತ್ತಿತ್ತು. ಎಪ್ಪತ್ತೇಳನೆಯ ನಿಮಿಷದಲ್ಲಿ ಸ್ಯಾಮ್ಯುಯೆಲ್ ಒಕ್ವರಾಜಿ ಎಂಬ ಆಟಗಾರ, ಯಾರೂ ಮುಟ್ಟದಿದ್ದರೂ, ನಿಂತಲ್ಲಿಯೇ ಕುಸಿದು ಬಿದ್ದು ಪ್ರಾಣ ಬಿಟ್ಟ. ಅವನಿಗೆ ಇಪ್ಪತ್ತೈದು ವರ್ಷ. ರೋಮ್ ನಗರದಲ್ಲಿ ನ್ಯಾಯಶಾಸ್ತ್ರ ಓದಿದವನು, ಜರ್ಮನಿಯಲ್ಲಿ ಆಡುತ್ತಿದ್ದವನು. ಕಾನು ಹುಟ್ಟಿದ ಇಮೊ ಸಂಸ್ಥಾನವೇ ಅವನದೂ. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಹಿಗ್ಗಿದ ಹೃದಯ ಮತ್ತು ರಕ್ತದ ಒತ್ತಡ. ಒಕ್ವರಾಜಿಯ ದೋಷ ತಿಳಿದದ್ದು ಅವನು ಸತ್ತ ಮೇಲೆ. ಕಾನುವಿನ ದೋಷ ತಿಳಿದದ್ದು ಅವನು ಬದುಕಿರುವಾಗ. ಇಬ್ಬರ ಹಣೆಬರಹಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಇನ್ನು ಆಟದ ಮಾತೇ ಬೇಡವೆಂಬುದು ವೈದ್ಯರ ಅಭಿಪ್ರಾಯವಾಗಿತ್ತು. ಕಾನು ಅದನ್ನು ಕೊನೆಯ ಮಾತೆಂದು ಒಪ್ಪಲಿಲ್ಲ. ಇಂಟರ್ ಸಂಸ್ಥೆಯೂ ಅದರ ಅಧ್ಯಕ್ಷ ಮಾಸ್ಸಿಮೊ ಮೊರಾಟಿಯೂ ಆತನ ಕೈಬಿಡಲಿಲ್ಲ. ಹಣ ತೆತ್ತು ಕೊಂಡ ಸರಕು ಒಡೆದುಬಂದರೆ ಹಿಂದಕ್ಕೆ ಕಳುಹಿಸುವ ವ್ಯಾಪಾರದ ಲೋಕದಲ್ಲಿ ಇದು ಸಣ್ಣ ಮಾತಲ್ಲ. 1996ರ ನವೆಂಬರಿನಲ್ಲಿ ಅಮೆರಿಕದ ಒಹಾಯೊ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಅವನ ಎದೆಯನ್ನು ತೆರೆದು ಕವಾಟವನ್ನು ಸರಿಪಡಿಸಲಾಯಿತು. 1997ರ ಏಪ್ರಿಲಿನಲ್ಲಿ ಆತ ತನ್ನ ತಂಡಕ್ಕೆ ಹಿಂದಿರುಗಿದ.

ಬದುಕಿ ಬಂದವನಿಗೆ ಆಟ ಹಿಂದಿರುಗುವುದು ಅಷ್ಟು ಸುಲಭವಾಗಿರಲಿಲ್ಲ. ಇಂಟರ್ ಪರವಾಗಿ ಲೀಗಿನಲ್ಲಿ ಅವನು ಹೊಡೆದದ್ದು ಒಂದೇ ಗೋಲು. ರೊನಾಲ್ಡೊನಂಥವರು ಅದೇ ತಂಡಕ್ಕೆ ಬಂದ ಮೇಲೆ ಅವಕಾಶಗಳು ಇನ್ನೂ ವಿರಳವಾದವು. 1998ರಲ್ಲಿ ಫ್ರಾನ್ಸಿನ ವಿಶ್ವಕಪ್ಪಿನಲ್ಲಿ ತನ್ನ ದೇಶಕ್ಕಾಗಿ ಆಡಿದನಾದರೂ, ಹಿಂದಿನ ಕಾನು ಮರಳಿದನೆಂದು ಹೇಳುವಂತಿರಲಿಲ್ಲ. ಅಂಥ ವೇಳೆಯಲ್ಲಿ ಲಂಡನ್ನಿನ ಆರ್ಸೆನಲ್ ತಂಡದ ಶಿಕ್ಷಕ ಆರ್ಸೆನ್ ವೆಂಗರ್ ಅವನ ಮೇಲೆ ವಿಶ್ವಾಸವಿಟ್ಟು ಕರೆಸಿಕೊಂಡ.

ಲಂಡನ್ನಿನಲ್ಲಿ ಎರಡನೆಯ ಜನ್ಮ

ಇಂಗ್ಲೆಂಡಿನಲ್ಲಿ ಅವನ ಮೊದಲ ಪಂದ್ಯವೇ ಒಂದು ವಿವಾದವಾಯಿತು. 1999ರ ಫೆಬ್ರವರಿ 13ರಂದು ಎಫ್.ಎ. ಕಪ್ಪಿನಲ್ಲಿ ಷೆಫೀಲ್ಡ್ ಯುನೈಟೆಡ್ ತಂಡ ಎದುರಾಳಿ. ಸ್ಕೋರು 1-1. ಪೆಟ್ಟುಬಿದ್ದ ತನ್ನ ಆಟಗಾರನಿಗೆ ಶುಶ್ರೂಷೆ ದೊರೆಯಲೆಂದು ಷೆಫೀಲ್ಡಿನ ಗೋಲಿ ಚೆಂಡನ್ನು ಬೇಕೆಂದೇ ಹೊರಕ್ಕೆ ಒದ್ದ. ಇಂಥ ಸಂದರ್ಭದಲ್ಲಿ ಚೆಂಡನ್ನು ಆ ತಂಡಕ್ಕೇ ಮರಳಿಸುವುದು ಪುಸ್ತಕದಲ್ಲಿಲ್ಲದ, ಆದರೆ ಮರ್ಯಾದಸ್ಥರೆಲ್ಲ ಪಾಲಿಸುವ ಸಂಪ್ರದಾಯ. ಆರ್ಸೆನಲ್ಲಿನ ಪಾರ್ಲರ್ ಅದರಂತೆಯೇ ಚೆಂಡನ್ನು ಎಸೆದ. ಬದಲಿಯಾಗಿ ಆಗತಾನೆ ಬಂದಿದ್ದ ಕಾನು, ಅದು ತನಗೇ ಎಂದು ಭಾವಿಸಿ ಬೆನ್ನಟ್ಟಿ ಹೋಗಿ, ಅಯಾಕ್ಸಿನ ಹಳೆಯ ಗೆಳೆಯ ಓವರ್‌ಮಾರ್ಸನ ಮುಂದಕ್ಕೆ ದಾಟಿಸಿದ. ಓವರ್‌ಮಾರ್ಸ್ ಗೋಲು ಹೊಡೆದೇಬಿಟ್ಟ.

ನಿಯಮದ ಪ್ರಕಾರ ಗೋಲು ಸರಿಯೇ. ಷೆಫೀಲ್ಡಿನವರು ಕೋಪದಿಂದ ಕುದಿದರು. ಪಂದ್ಯ ಮುಗಿದೊಡನೆ ವೆಂಗರ್, ಗೆದ್ದ ಪಂದ್ಯವನ್ನು ಬಿಟ್ಟುಕೊಟ್ಟು ಮತ್ತೊಮ್ಮೆ ಆಡಲು ತಾವು ಸಿದ್ಧರೆಂದು ಸಾರಿದ. ಕ್ರೀಡಾಸಂಸ್ಥೆ ಒಪ್ಪಿತು. ಹತ್ತು ದಿನಗಳ ಮೇಲೆ ಮರುಪಂದ್ಯ ನಡೆದು ಆರ್ಸೆನಲ್ 2-1ರಿಂದಲೇ ಗೆದ್ದಿತು. ಈ ಸಲ ಯಾರ ತಕರಾರೂ ಇರಲಿಲ್ಲ.

ಅದೇ ವರ್ಷದ ಅಕ್ಟೋಬರ್ 23ರಂದು ಚೆಲ್ಸಿ ತಂಡದ ಸ್ವಂತ ಅಂಗಣದಲ್ಲಿ ನಡೆದುದನ್ನು ಆರ್ಸೆನಲ್ ಅಭಿಮಾನಿಗಳು ಇಂದಿಗೂ ಮೊಮ್ಮಕ್ಕಳಿಗೆ ಹೇಳುವ ಕಥೆಯಂತೆ ಹೇಳುತ್ತಾರೆ. ಮಳೆ ಸುರಿದು ನೆಲ ತೊಯ್ದಿತ್ತು. ಚೆಲ್ಸಿಗೆ 2-0 ಮುನ್ನಡೆ. ಉಳಿದದ್ದು ಹದಿನೈದು ನಿಮಿಷ. 75ನೆಯ ನಿಮಿಷದಲ್ಲಿ ಕಾನುವಿನ ಒಂದು ಗೋಲು. 83ರಲ್ಲಿ ಮತ್ತೊಂದು. ಪಂದ್ಯ ಮುಗಿಯುವ ಗಳಿಗೆಯಲ್ಲಿ ಎಡಬದಿಯ ಮೂಲೆಯಲ್ಲಿ ಚೆಂಡು ಅವನಿಗೆ ಸಿಕ್ಕಿತು. ತಡೆಯಲೆಂದು ಗೋಲಿ ಡಿ ಹೋಯಿ ತನ್ನ ಸ್ಥಾನ ಬಿಟ್ಟು ಅಲ್ಲಿಯವರೆಗೆ ಓಡಿಬಂದ. ಕಾನು ಅವನನ್ನು ನಯವಾಗಿ ದಾಟಿ, ಮೈದಾನದ ಅಂಚಿನ ಗೆರೆಯ ಬಳಿ ನಿಂತು ಒಮ್ಮೆ ನೋಡಿದ. ಗೋಲಿನ ಬಾಯಲ್ಲಿ ಇಬ್ಬರು ರಕ್ಷಕರು. ಕಣ್ಣಿಗೆ ಕಾಣುವ ಸಂದು ಇಲ್ಲವೆನ್ನುವಷ್ಟು ಕಿರಿದು. ಅಲ್ಲಿಂದಲೇ ಆತ ಚೆಂಡನ್ನು ಅವರ ತಲೆಗಳ ಮೇಲಿಂದ ಬಾಗಿಸಿ ಬಲೆಗೆ ಹಾಯಿಸಿದ. 3-2. ಇನ್ನು ಆಡಕೂಡದೆಂಬ ಮಾತು ಕೇಳಿಬಂದು ಆಗ ಮೂರು ವರ್ಷವಾಗಿತ್ತು. ಆ ವರ್ಷ ಎರಡನೆಯ ಬಾರಿಗೆ ಆಫ್ರಿಕದ ಅತ್ಯುತ್ತಮ ಆಟಗಾರನೆಂಬ ಗೌರವ ಅವನನ್ನು ಹುಡುಕಿಕೊಂಡು ಬಂತು.

ಬೆಂಚಿನ ಮೇಲೆ ಕುಳಿತವನು

ಇಷ್ಟಕ್ಕೇ ಕಥೆ ಮುಗಿಸಿದರೆ ಅದು ಸಿನಿಮಾದ ಕಥೆಯಾದೀತು. ನಿಜವಾದ ಬದುಕು ಆ ಮೇಲೆ ಬರುತ್ತದೆ. ಆರ್ಸೆನಲ್ಲಿನಲ್ಲಿ ಡೆನಿಸ್ ಬರ್ಗ್‌ಕ್ಯಾಂಪ್ ಮೊದಲೇ ಇದ್ದ. 1999ರಲ್ಲಿ ಥಿಯೆರಿ ಆನ್ರಿಯೂ ಬಂದ. ಇವರಿಬ್ಬರ ಮುಂದೆ ಮೊದಲ ಹನ್ನೊಂದು ಜನರಲ್ಲಿ ಸ್ಥಾನ ಪಡೆಯುವುದು ಯಾರಿಗಾದರೂ ಕಷ್ಟ. ಐದು ವರ್ಷಗಳಲ್ಲಿ ಕಾನು ಆರ್ಸೆನಲ್ ಪರವಾಗಿ ಆಡಿದ್ದು ಇನ್ನೂರಕ್ಕೆ ತುಸು ಕಡಿಮೆ ಪಂದ್ಯಗಳು; ಅವುಗಳಲ್ಲಿ ಹತ್ತಿರಹತ್ತಿರ ಅರ್ಧ, ಬೇರೊಬ್ಬರ ಬದಲಿಗೆ ಇಳಿದು. ಹೊಡೆದ ಗೋಲುಗಳು 44.

ಒಂದು ಕಾಲಕ್ಕೆ ಖಂಡದಲ್ಲೇ ಶ್ರೇಷ್ಠನೆನಿಸಿಕೊಂಡವನು ಪ್ರತಿ ಶನಿವಾರವೂ ಬೆಂಚಿನ ಮೇಲೆ ಕುಳಿತು ಕರೆ ಬರುವುದನ್ನು ಕಾಯುವುದೆಂದರೆ ಸಾಮಾನ್ಯ ಸಹನೆಯಲ್ಲ. ಆ ತಂಡದೊಡನೆ ಆತ 2002 ಮತ್ತು 2004ರ ಲೀಗ್ ಪ್ರಶಸ್ತಿಗಳನ್ನು ಪಡೆದ. 2003-04ರಲ್ಲಿ ಆರ್ಸೆನಲ್ 38 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಒಂಬತ್ತು ವರ್ಷಗಳ ಹಿಂದೆ ಹಾಲೆಂಡಿನಲ್ಲಿ, ಈಗ ಇಂಗ್ಲೆಂಡಿನಲ್ಲಿ, ಹೀಗೆ ಎರಡು ದೇಶಗಳ ಎರಡು ಅಜೇಯ ತಂಡಗಳಲ್ಲಿ ಇದ್ದ ಭಾಗ್ಯ ಅವನದು.

2004ರಲ್ಲಿ ವೆಸ್ಟ್ ಬ್ರಾಮ್‌ವಿಚ್ ಎಂಬ ಸಾಧಾರಣ ತಂಡಕ್ಕೆ ಹೋದ. ಅಲ್ಲಿ ಮಿಡಲ್ಸ್‌ಬರೊ ತಂಡದ ವಿರುದ್ಧ, ಗೋಲಿನ ಗೆರೆಯ ಹತ್ತಿರದಿಂದ, ಖಾಲಿ ಬಾಯಿಯ ಮೇಲೆ ಚೆಂಡನ್ನು ಹಾರಿಸಿಬಿಟ್ಟ ಪ್ರಸಂಗವೂ ಉಂಟು. ಮಕ್ಕಳೂ ಹಾಕಬಹುದಾದ ಗೋಲು ಎಂದು ಜನ ನಕ್ಕರು. ಆದರೆ ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ತಳದಲ್ಲಿದ್ದ ಆ ತಂಡ, 2005ರ ಮೇ ತಿಂಗಳಲ್ಲಿ ಕೊನೆಯ ದಿನದ ಕೊನೆಯ ಪಂದ್ಯದಲ್ಲಿ ಗೆದ್ದು ಮೇಲಿನ ದರ್ಜೆಯಲ್ಲಿಯೇ ಉಳಿಯಿತು. ಮರುವರ್ಷ ಅದು ಕೆಳಗಿಳಿದಾಗ ಕಾನು ಪೋರ್ಟ್ಸ್‌ಮತ್ ಸೇರಿದ.

2008ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಅವನ ಕಾಲಿಗೆ ಮತ್ತೊಮ್ಮೆ ಅದೃಷ್ಟ ಒಲಿಯಿತು. ಎಫ್.ಎ. ಕಪ್ ಸೆಮಿಫೈನಲ್ಲಿನಲ್ಲಿ ತನ್ನ ಹಳೆಯ ವೆಸ್ಟ್ ಬ್ರಾಮ್‌ವಿಚ್ ತಂಡದ ವಿರುದ್ಧ ಪಂದ್ಯದ ಏಕೈಕ ಗೋಲು ಅವನದು. ಮೇ 17ರಂದು ವೆಂಬ್ಲಿಯಲ್ಲಿ ಕಾರ್ಡಿಫ್ ವಿರುದ್ಧದ ಫೈನಲ್ಲಿನಲ್ಲಿಯೂ ಏಕೈಕ ಗೋಲು ಅವನದೇ. ಸ್ವದೇಶದವನೇ ಆದ ಜಾನ್ ಉಟಾಕ ಒದ್ದ ಚೆಂಡು ಗೋಲಿಯ ಕೈ ಜಾರಿತು. ಕಾನು ಅದನ್ನು ಸುಮ್ಮನೆ ಒಳಕ್ಕೆ ತಳ್ಳಿದ. ಪೋರ್ಟ್ಸ್‌ಮತ್ ಈ ಕಪ್ಪನ್ನು ಇದಕ್ಕೆ ಮುಂಚೆ ಗೆದ್ದಿದ್ದು 1939ರಲ್ಲಿ. ಎರಡು ವರ್ಷಗಳಲ್ಲಿ ಅದೇ ಸಂಸ್ಥೆ ಸಾಲದಲ್ಲಿ ಮುಳುಗಿ ಕೆಳದರ್ಜೆಗೆ ಬಿದ್ದಾಗಲೂ ಕಾನು ತಕ್ಷಣ ಹಡಗು ಬಿಟ್ಟು ಹಾರಲಿಲ್ಲ. 2010ರಲ್ಲಿ ದಕ್ಷಿಣ ಆಫ್ರಿಕದಲ್ಲಿ ತನ್ನ ಮೂರನೆಯ ವಿಶ್ವಕಪ್ ಆಡಿ ರಾಷ್ಟ್ರೀಯ ತಂಡದಿಂದ ನಿವೃತ್ತನಾದ. 2012ರಲ್ಲಿ ಪೋರ್ಟ್ಸ್‌ಮತ್ತನ್ನೂ ಬಿಟ್ಟ.

ಇತರರ ಗುಂಡಿಗೆ

ಪರದೇಶದಲ್ಲಿ ಆಡಿ ಹಣ ಗಳಿಸಿದವರು ಅನೇಕರು. ಕಾನುವಿಗೆ ಪರದೇಶ ಕೊಟ್ಟದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಹಣವಲ್ಲ, ಆತ ಕೇಳದೆಯೇ ನಡೆದ ಒಂದು ಪರೀಕ್ಷೆ. ಆತ ಆಟಗಾರನಾಗದೆ ಓವೆರಿಯಲ್ಲಿಯೇ ಉಳಿದಿದ್ದರೆ, ಅವನ ಎದೆಯನ್ನು ಹಾಗೆ ಪರೀಕ್ಷಿಸುವವರು ಯಾರಿದ್ದರು? ದೋಷ ತಿಳಿದರೂ ಸರಿಪಡಿಸುವ ಹಣವೆಲ್ಲಿತ್ತು? ನೈಜೀರಿಯದಲ್ಲಿ ವೈದ್ಯಕ್ಕೆ ವಿದ್ಯೆಯ ಕೊರತೆಯಿರಲಿಲ್ಲ. 1974ರಷ್ಟು ಹಿಂದೆಯೇ ಎನುಗು ನಗರದ ಬೋಧನಾಸ್ಪತ್ರೆಯಲ್ಲಿ ತೆರೆದ ಹೃದಯದ ಶಸ್ತ್ರಕ್ರಿಯೆ ನಡೆದಿತ್ತು. ಆದರೆ ಸಲಕರಣೆಯಿಲ್ಲದೆ, ಹಣವಿಲ್ಲದೆ ಆ ಕೆಲಸ ಅಗತ್ಯಕ್ಕೆ ತಕ್ಕಂತೆ ಬೆಳೆಯಲಿಲ್ಲ.

ಲೋಕದಲ್ಲಿ ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು ಎಂಟು ಒಂಬತ್ತಕ್ಕೆ ಹೃದಯದಲ್ಲಿ ಏನಾದರೊಂದು ದೋಷವಿರುತ್ತದೆ. ಸಕಾಲದಲ್ಲಿ ಶಸ್ತ್ರಕ್ರಿಯೆಯಾದರೆ ಅವರಲ್ಲಿ ಅನೇಕರು ನಮ್ಮ ನಿಮ್ಮಂತೆ ಬಾಳಬಲ್ಲರು. ಇಂಥ ಮಕ್ಕಳಿಗಾಗಿ ಕಾನು 2000ದಲ್ಲಿ ತನ್ನ ಹೆಸರಿನಲ್ಲಿ ಒಂದು ಹೃದಯ ಪ್ರತಿಷ್ಠಾನವನ್ನು ಸ್ಥಾಪಿಸಿದ. ಆಗ ಆತನ ವಯಸ್ಸು ಇಪ್ಪತ್ನಾಲ್ಕು. ಇನ್ನೂ ಆಡುತ್ತಿದ್ದ ಕಾಲ. ನಿವೃತ್ತಿಯ ಮೇಲೆ ನೋಡೋಣವೆಂದು ಮುಂದೂಡಲಿಲ್ಲ. ಚೆಲ್ಸಿಯ ಅಂಗಣದ ಆ ಮೂರು ಗೋಲುಗಳಿಗೆ ಆಗ ಒಂದು ವರ್ಷವೂ ಹೆಚ್ಚು ಹಳೆಯದಾಗಿರಲಿಲ್ಲ.

ಪ್ರತಿಷ್ಠಾನ ಮಾಡಿದ ಕೆಲಸ ಸರಳ. ರೋಗಿ ಮಗುವನ್ನು ಗುರುತಿಸುವುದು, ಹಣ ಕೂಡಿಸುವುದು, ಶಸ್ತ್ರಕ್ರಿಯೆ ಸಾಧ್ಯವಿರುವ ದೇಶಕ್ಕೆ ಕಳುಹಿಸುವುದು. ಇಂಗ್ಲೆಂಡಿಗೆ, ಇಸ್ರೇಲಿಗೆ, ಹಾಗೆಯೇ ನಮ್ಮ ಭಾರತದ ಆಸ್ಪತ್ರೆಗಳಿಗೂ ಈ ಮಕ್ಕಳು ಬಂದಿದ್ದಾರೆ. ಹೃದಯದ ಶಸ್ತ್ರಕ್ರಿಯೆಯನ್ನು ಇತರ ದೇಶಗಳಿಗಿಂತ ಕಡಿಮೆ ಖರ್ಚಿನಲ್ಲಿ ಮಾಡಬಲ್ಲ ಕೌಶಲ ಇಲ್ಲಿ ಬೆಳೆದಿರುವುದರಿಂದ, ಆಫ್ರಿಕದ ತಾಯಂದಿರು ಮಗುವನ್ನು ಎತ್ತಿಕೊಂಡು ಇಷ್ಟು ದೂರ ಬರುವಂತಾಗಿದೆ. ಹೀಗೆ ಚಿಕಿತ್ಸೆ ಪಡೆದ ಮಕ್ಕಳ ಸಂಖ್ಯೆ ನೂರಾರು. ಆಫ್ರಿಕದ ನೆಲದಲ್ಲಿಯೇ ಇಂಥ ಆಸ್ಪತ್ರೆ ಆಗಬೇಕೆಂಬುದು ಪ್ರತಿಷ್ಠಾನದ ಬಹುದಿನದ ಗುರಿ.

ಈ ಕೆಲಸಕ್ಕೆ ಅವಸರವಿದೆ ಎಂಬುದನ್ನು ಆಟದ ಲೋಕವೇ ಮತ್ತೆ ಮತ್ತೆ ನೆನಪಿಸುತ್ತ ಬಂದಿದೆ. 2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಯಾಮರೂನಿನ ಮಾರ್ಕ್-ವಿವಿಯನ್ ಫೋಯೆ ಆಡುತ್ತಿದ್ದಂತೆಯೇ ಕುಸಿದು ತೀರಿಕೊಂಡ. ಇಪ್ಪತ್ತೆಂಟು ವರ್ಷದ ಆತನಿಗೆ ಇದ್ದದ್ದು ಹೃದಯದ ಮಾಂಸ ದಪ್ಪಗಾಗುವ ಕಾಯಿಲೆ. ಕಾನುವಿಗೂ ತನ್ನ ಗುಂಡಿಗೆಯ ಮೇಲಿನ ಎಚ್ಚರ ತಪ್ಪಿಸುವಂತಿರಲಿಲ್ಲ. ಅಂಗಣ ಬಿಟ್ಟ ಮೇಲೆ, 2014ರಲ್ಲಿ, ಅಮೆರಿಕದಲ್ಲಿ ಮತ್ತೊಮ್ಮೆ ಶಸ್ತ್ರಕ್ರಿಯೆಗೆ ಒಳಗಾಗಿ ಗುಣಹೊಂದಿದ.

2023ರಲ್ಲಿ ನೈಜೀರಿಯದ ಆಬಾ ಪಟ್ಟಣದ ಎನಿಂಬ ತಂಡ ಅವನನ್ನು ತನ್ನ ಅಧ್ಯಕ್ಷನನ್ನಾಗಿ ಮಾಡಿಕೊಂಡಿತು. ಹದಿನೇಳರ ಹರೆಯದಲ್ಲಿ ಚೆಂಡಿನ ಬೆನ್ನುಹತ್ತಿ ಊರು ಬಿಟ್ಟವನು, ಹೀಗೆ ತನ್ನ ಜನರ ನಡುವಣ ಬಯಲಿಗೇ ಮರಳಿದಂತಾಯಿತು. ಅವನ ಆಟವನ್ನು ಕಂಡವರು ಅಥೆನ್ಸಿನ ಗೋಲನ್ನೊ ಚೆಲ್ಸಿಯ ಗೋಲನ್ನೊ ನೆನೆಯುತ್ತಾರೆ. ಆ ಗೋಲುಗಳನ್ನು ನೋಡದ, ಅವು ಹೊಡೆದಾಗ ಇನ್ನೂ ಹುಟ್ಟಿಯೇ ಇರದ ಮಕ್ಕಳು ಕೆಲವರು ಇಂದು ನೈಜೀರಿಯದ ಶಾಲೆಗಳಿಗೆ ನಡೆದುಹೋಗುತ್ತಿದ್ದಾರೆ. ಅಂಗಿಯ ಗುಂಡಿ ಬಿಚ್ಚಿದರೆ ಅವರ ಎದೆಯ ಮೇಲೂ ಹೊಲಿಗೆಯ ಗುರುತು ಕಾಣುತ್ತದೆ.